ನರಿಯ ಹೊಟ್ಟೆಯ ಹುಳ ಮತ್ತು ನಮ್ಮ ಅಕ್ಕಾರು

ನನ್ನ ಗಂಡನ ಅಕ್ಕನಿಗೆ, ಅಂದರೆ ನಮ್ಮ ಅಕ್ಕಾರಿಗೆ, ಬಳಗದವರ ಮನೆಗಳಿಗಿಂತ ನರಿಗಳ ಹೊಟ್ಟೆಯೊಳಗೇ ಓಡಾಟ ಹೆಚ್ಚು! ಎಪ್ಪತ್ತರ ದಶಕದ ಮಾತು. ದನದ ಡಾಕ್ಟರಿಕೆ ಕಲಿಸುವ ಕಾಲೇಜಿನಲ್ಲಿ ಅವರಿಗೆ ಅದೇ ಕೆಲಸ: ಎಲ್ಲಾದರೂ ಕಾಡುನರಿ ಸತ್ತರೆ ಹೊಟ್ಟೆ ಕೊಯ್ದು, ಒಳಗೆ ಯಾವ ಹುಳ ಇವೆ ಎಂದು ನೋಡುವುದು.

ಇಂಥವರಿಗೆ ಗಂಡು ಸಿಗುವುದುಂಟೇ? ಧಾರವಾಡದಿಂದ ನೋಡಲು ಬಂದವರು, “ಸಂಜೀಕ ಎಷ್ಟೊತ್ತಿಗೆ ಮನೀಗೆ ಬರ್ತೀಯವ್ವಾ?” ಎಂದು ಕೇಳಿದರಂತೆ.

“ನರಿ ಸತ್ತ ದಿವಸ ತಡಾ ಆಗ್ತದರಿ.”

ಬಂದವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಲೋಕಲ್ ರೈಲು ಹಿಡಿದರು!

ನಾನು ಮದುವೆಯಾಗಿ ಆಂಟಾಪ್ ಹಿಲ್‌ನ ಆ ಮನೆಗೆ ಬಂದ ಹೊಸದರಲ್ಲಿ ಶಾವಿಗೆ ಪಾಯಸ ಬಡಿಸಿದೆ. ಅಕ್ಕಾರು ಒಂದೆಳೆ ಎತ್ತಿ ಹಿಡಿದು, “ನಿನ್ನೆಯವು ಇದಕ್ಕಿಂತ ಸ್ವಲ್ಪ ದಪ್ಪ ಇದ್ದವು,” ಎಂದರು. ನನ್ನ ಗಂಡ ಆಮೇಲೆ ಶಾವಿಗೆ ಮುಟ್ಟಿಲ್ಲ.

ಮುಂದೆ ನನಗೆ ದಿನ ತುಂಬಿ ಸತ್ತ ಕೂಸು ಹುಟ್ಟಿತು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಕೂಸಿಗೆಂದು ತೊಳೆದು ಮಡಚಿಟ್ಟ ಹಳೆಯ ಸೀರೆಗಳು ಯಾವಾಗ ಟ್ರಂಕು ಸೇರಿದವೋ ತಿಳಿಯಲಿಲ್ಲ. ನಾನು ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದೆ.

ಅದೇ ದಿನಗಳಲ್ಲಿ ಮನೆ ಹಿಂದೆ ಉಪ್ಪು ಬೆಳೆಯುವ ಉಪ್ಪಿನಾಗರದ ಕಡೆಯಿಂದ ಒಂದು ಬಡಕಲು ನರಿ ಹಾಡಹಗಲೇ ಬಿಲ್ಡಿಂಗ್‌ನ ಕಚರಾ ತೊಟ್ಟಿಯ ತನಕ ಬರತೊಡಗಿತು. ಹುಚ್ಚು ಹಿಡಿದಿದೆ ಎಂದು ವಾಚ್‌ಮನ್ ಲಾಠಿ ಎತ್ತಿದ. ಅಕ್ಕಾರು ಅಡ್ಡ ನಿಂತರು.

“ಪಾಗಲ್ ನಹೀಂ ಹೈ! ಪೇಟ್ ಮೇಂ ಕೀಡಾ ಹೈ!”

ಹುಚ್ಚಲ್ಲ, ಹೊಟ್ಟೆಯಲ್ಲಿ ಹುಳ ಎಂದು ಅದೇ ಬಂದು ನಿಮಗೆ ಹೇಳಿತೇನು ಎಂದು ಅವನು ನಕ್ಕ.

“ಹಾಂ, ಬೋಲಾ!” ಎಂದರು ಅಕ್ಕಾರು.

ಈರುಳ್ಳಿಯೂ ಬಾರದ ನಮ್ಮ ಮನೆಗೆ ಬೊಂಬಿಲ್ ಮೀನು ತಂದು, ಅದರೊಳಗೆ ಹುಳದ ಮಾತ್ರೆ ತುರುಕಿ, ಕಚರಾದ ಹತ್ತಿರ ಇಟ್ಟರು. ಮೊದಲ ದಿನ ತಿಂದದ್ದು ಕಾಗೆ. ಆ ಕಾಗೆಗೆ ಇನ್ನು ಏಳು ಜನ್ಮ ಹುಳದ ಭಯವಿಲ್ಲ! ನರಿಯೂ ಆಮೇಲೆ ತಿಂದಿತು. ಆದರೆ ಹೊತ್ತು ಮೀರಿತ್ತು. ವಾರದೊಳಗೆ ಸತ್ತು ಬಿದ್ದಿತ್ತು. ಅಕ್ಕಾರು ಅದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಟ್ಯಾಕ್ಸಿಯಲ್ಲಿ ಕಾಲೇಜಿಗೆ ಹೋದರು.

ಸಂಜೆ ಬಂದವರು ಚಹಾ ಕೂಡ ಕೇಳದೆ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ಹೆಣ್ಣಿತ್ತು ನೋಡು. ಕರುಳ ತುಂಬ ಬರೇ ಹುಳಾ. ತಿಂದದ್ದೊಂದೂ ಮೈಗೆ ಹತ್ತಿದ್ದಿಲ್ಲ. ಆದ್ರೂ ಮೊಲ್ಯಾಗ ಹಾಲಿತ್ತು. ಮರಿ ಎಲ್ಲಿ ಅದಾವೋ ಏನೋ.”

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ನಿನಗೂ ಹಾಲು ಬಂದಿತ್ತಲ್ಲಾ?”

ಅದನ್ನು ಯಾರೂ ಕೇಳಿರಲಿಲ್ಲ, ನನ್ನ ತಾಯಿ ಕೂಡ.

“ಬಂದಿತ್ತರಿ. ಬಟ್ಟಿ ಬಿಗದು ಕಟ್ಟಿಕೊಂಡಿದ್ದೆ,” ಎಂದೆ. ಅಲ್ಲಿಯವರೆಗೆ ಬಾರದ ಅಳು ಆಗ ಒತ್ತರಿಸಿ ಬಂತು.

ಫಿನಾಯಿಲ್ ನಾತದ ಕೈಯಿಂದ ಅಕ್ಕಾರು ನನ್ನ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು.

“ಅಳು,” ಎಂದರು. “ಆ ನರಿ ಪಾಲಿಂದೂ ಸೇರಿಸಿ ಅಳು.”