ಗ್ರಾಫಿಕ್ಸ್ ಕಾರ್ಡಿನ ಹಲ್ಲು ಎಣಿಸಿದವರು

ಹೊನ್ನಾಳಿ ಬಸ್ ನಿಲ್ದಾಣದ ಎದುರು ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ನಗೆಯ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ, ಅವೇ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತವೆ. ಈಚೆಗೆ ಗೋವಿನಕೋವಿಯ ದನದ ದಲ್ಲಾಳಿಯೊಬ್ಬರು ಒಂದು ಕಂಪ್ಯೂಟರಿಗಾಗಿ ಮೂರು ಸಲ ಬಂದರು. ಮೂರು ಸಲವೂ ನಾನೇ ಸೋತೆ.

ಅವರದು ಹಳೆಯ ಪರಿಚಯ. ಆಗ ನನ್ನದು ಆರು ಕಂಪ್ಯೂಟರುಗಳ ಸೈಬರ್ ಸೆಂಟರ್. ಸಂತೆಯ ದಿನ ಮಗಳನ್ನು ನನ್ನಲ್ಲಿ ಕೂರಿಸಿ ವ್ಯಾಪಾರಕ್ಕೆ ಹೋಗುತ್ತಿದ್ದರು. ಅವಳು ಕಾರ್ ರೇಸ್ ಆಡುತ್ತಿದ್ದಳು. ಸಂತೆ ಮುಗಿಸಿ ಬಂದವರು ಸಗಣಿ ಮೆತ್ತಿದ ಕಾಲು ತೊಳೆದುಕೊಂಡು ಮಗಳ ಪಕ್ಕ ಕೂರುತ್ತಿದ್ದರು. ಆಮೇಲೆ ಅಂಗಡಿಯಲ್ಲಿ ಏಳುತ್ತಿದ್ದ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಈಗ ಆ ಜಾಗದಲ್ಲಿ ಜೆರಾಕ್ಸ್ ಮಷಿನ್ ನಿಂತಿದೆ. ಪಹಣಿ ಪ್ರಿಂಟಿಗೆ ಬಂದವರು ಯಾರೂ ನಗುವುದಿಲ್ಲ. ಆ ದಿನಗಳನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

“ಮಗಳನ್ನ ಜಗಳೂರಿಗೆ ಕೊಟ್ಟಿದೀವಲ್ಲ, ಈಗ ಏಳನೇ ತಿಂಗಳು,” ಎಂದರು ದಲ್ಲಾಳಿಗಳು, ಮೊದಲ ಸಲ ಬಂದಾಗ. “ಡಾಕ್ಟ್ರು ಓಡಾಡಬ್ಯಾಡ, ಕೂತಲ್ಲೇ ಇರು ಅಂದವ್ರೆ. ಅವತ್ತಿಂದ ಮಂಕಾಗೈತೆ ಕೂಸು. ಫೋನ್ ಮಾಡಿದ್ರೆ ಬರೀ ಹ್ಞೂಂ ಅಂತಾಳೆ. ಡಾಕ್ಟ್ರನ್ನ ಕೇಳ್ಕೊಂಡೇ ಬರೋ ಸೋಮವಾರ ಮನೆಗೆ ಕರ್ಕೊಂಡು ಬರ್ತೀವಿ. ಆವಾಗ ನಿಮ್ಮಂಗಡ್ಯಾಗೆ ಆಡಾಕೆ ಕೂತ್ರೆ ಹೆಂಗೆ ನಗ್ತಿದ್ಲು, ಅಂಥದ್ದೊಂದು ಮಾಡಿ ಕೊಡ್ರಿ. ನಲವತ್ತು ಸಾವಿರ ಐತೆ. ಅದರ ಮ್ಯಾಲೆ ಕೇಳಬ್ಯಾಡ್ರಿ.”

ಹಲ್ಲು

ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್ ಎಂದು ನಾನು ಶುರು ಮಾಡಿದೆ. ಅವರು ತಡೆದರು. “ಇದ್ರಾಗೆ ಭಾರ ಎಳೆಯೋದು ಯಾವುದು?”

“ಗೇಮ್ ಆಡಲಿಕ್ಕಾದರೆ ಗ್ರಾಫಿಕ್ಸ್ ಕಾರ್ಡು.”

“ಹಂಗಾದ್ರೆ ಅದನ್ನೇ ಮೊದಲು ಕಟ್ಟಿ ತೋರಿಸ್ರಿ.”

ಅವರ ದುಡ್ಡಿಗೆ ಹೊಂದಲಿ ಎಂದು ದಾವಣಗೆರೆಯಿಂದ ಬಂದಿದ್ದ ಸೆಕೆಂಡ್ ಹ್ಯಾಂಡ್ ಕಾರ್ಡೊಂದನ್ನು ಕೈಗಿಟ್ಟೆ. ಆರೇ ತಿಂಗಳು ಬಳಸಿದ್ದು ಎಂದೆ. ಕೊಟ್ಟವನು ನನಗೆ ಹಾಗೇ ಹೇಳಿದ್ದ. ಇವರು ಅದನ್ನು ಬಿಸಿಲಿಗೆ ಒಯ್ದು ಬೋರಲು ಮಾಡಿದರು. ಬೋರ್ಡಿಗೆ ಸಿಕ್ಕಿಸುವ ಅಂಚಿನಲ್ಲಿ ಚಿನ್ನದ ಬಣ್ಣದ ಪಟ್ಟಿಗಳು ಸಾಲಾಗಿರುತ್ತವಲ್ಲ, ಅದರ ಮೇಲೆ ಹೆಬ್ಬೆರಳು ಆಡಿಸಿದರು.

“ಹಲ್ಲು ಸವೆದಾವೆ ರೀ. ಇದು ಆರು ತಿಂಗಳ ಕರು ಅಲ್ಲ. ಬೇಜಾನ್ ಉಳುಮೆ ಮಾಡೈತೆ.”

ನಾನು ಮನಸಾರೆ ನಕ್ಕೆ. ತೋರಿಸಿಯೇ ಬಿಡೋಣ ಎಂದು ಕಾರ್ಡನ್ನು ಸಿಕ್ಕಿಸಿ ಗೇಮ್ ಹಾಕಿದೆ. ಹತ್ತು ನಿಮಿಷಕ್ಕೆ ಪರದೆಯ ತುಂಬ ಹಸಿರು ಗೆರೆ ಎದ್ದು ಎಲ್ಲ ನಿಂತುಹೋಯಿತು. ಮಾರಿದವನಿಗೆ ಫೋನ್ ಮಾಡಿ ಗದರಿಸಿದ ಮೇಲೆ, ನಾಲ್ಕು ವರ್ಷ ಹಗಲೂ ರಾತ್ರಿ ಓಡಿಸಿದ್ದೆ ಎಂದು ಒಪ್ಪಿಕೊಂಡ.

ದಲ್ಲಾಳಿಗಳು ನನ್ನನ್ನು ಕನಿಕರದಿಂದ ನೋಡಿದರು. “ಬಾಯಿ ಬಿಡಿಸಿ ನೋಡದೇನೇ ಕೊಂಡ್ರಾ?”

ಸುಳಿ

ಎರಡನೆಯ ಸಲ ಹೊಸ ಕಾರ್ಡುಗಳನ್ನೇ ಇಟ್ಟೆ. ಒಂದಕ್ಕೆ ಎರಡು ಫ್ಯಾನು, ಇನ್ನೊಂದಕ್ಕೆ ಮೂರು. ಮೂರರದ್ದರಲ್ಲಿ ನನಗೆ ಲಾಭ ಜಾಸ್ತಿ, ಆದ್ದರಿಂದ ಅದನ್ನೇ ಹೊಗಳಿದೆ. ಅವರು ಫ್ಯಾನುಗಳ ಮೇಲೆ ಒಂದೊಂದಾಗಿ ಬೆರಳು ಸುತ್ತಿಸಿದರು.

“ಮೂರು ಸುಳಿ. ಮನೆಗೆ ಆಗಿ ಬರಲ್ಲ.”

“ಯಜಮಾನ್ರೇ, ಮೈಮೇಲೆ ಕೂದಲ ಸುಳಿ ಇರೋದು ಎತ್ತಿಗೆ. ಇದು ಫ್ಯಾನು.”

“ತಿರುಗ್ತೈತೋ ಇಲ್ಲೋ?”

ಮೂರರದ್ದನ್ನು ಡಬ್ಬಿಗೆ ವಾಪಸ್ ಹಾಕಿದೆ. ಎರಡು ಫ್ಯಾನಿನದ್ದೇ ಗಟ್ಟಿಯಾಯಿತು. ಉಳಿದ ದುಡ್ಡಿನಲ್ಲಿ ರ್‍ಯಾಮ್ ಇಮ್ಮಡಿ ಮಾಡಿದೆವು. ಕೆಲಸ ಕಲಿತವನು ನಾನು, ಸರಿಯಾಗಿ ಆರಿಸಿದವರು ಅವರು. ಮೊನ್ನೆ ಬಸವಾಪಟ್ಟಣದ ಗಿರಾಕಿಯೊಬ್ಬರು “ಮೂರು ಫ್ಯಾನಿಂದು ಯಾಕೆ ಬ್ಯಾಡ?” ಎಂದು ಕೇಳಿದಾಗ, “ಆಗಿ ಬರಲ್ಲ ರೀ” ಎಂಬ ಮಾತು ನನ್ನ ಬಾಯಿಂದಲೇ ಬಂದುಬಿಟ್ಟಿತು.

ಟವೆಲ್

ಎಲ್ಲ ಸೇರಿ ಬಜೆಟ್ಟಿನ ಮೇಲೆ ಮೂರು ಸಾವಿರ ಹೋಯಿತು. ಮೂರನೆಯ ಸಲ ಬಂದವರು ಕೌಂಟರಿನ ಮೇಲಿದ್ದ ನನ್ನ ಕೈ ಹಿಡಿದು, ಮೇಲೆ ಟವೆಲ್ ಹಾಕಿ, ಒಳಗೆ ನನ್ನ ಎರಡು ಬೆರಳು ಒತ್ತಿದರು. ದನದ ಸಂತೆಯಲ್ಲಿ ರೇಟು ಕುದುರಿಸುವುದು ಹೀಗೇ, ಮಾತಿಲ್ಲ, ಬೆರಳಿನಲ್ಲೇ ಎಲ್ಲ.

“ಎಷ್ಟು ಅಂತ ಬಾಯಲ್ಲೇ ಹೇಳ್ರಿ,” ಎಂದೆ.

“ಮೆಲ್ಲಗೆ. ಪಕ್ಕದೋರು ಕೇಳಿಸ್ಕೊಂತಾರೆ.”

ಪಕ್ಕದಲ್ಲಿದ್ದದ್ದು ಆಧಾರ್ ಕಾರ್ಡ್ ಜೆರಾಕ್ಸಿಗೆ ಬಂದ ಅಜ್ಜಿಯೊಬ್ಬರೇ. ಅಷ್ಟರಲ್ಲಿ ಇವರ ಬೆರಳು ನನ್ನ ಅಂಗೈಗೆ ತಾಗಿ ಕಚಗುಳಿಯಾಯಿತು. ತಡೆಯಲಾರದೆ ಅವರ ಕೈಯನ್ನು ಗಟ್ಟಿಯಾಗಿ ಹಿಸುಕಿಬಿಟ್ಟೆ.

ಅವರು ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. “ಆಯ್ತು, ಒಪ್ಪಿದ್ರಿ. ಪ್ಯಾಕ್ ಮಾಡ್ರಿ.”

ಟವೆಲಿನ ಅಲುಗಾಟ ನೋಡಿಯೇ ಲೆಕ್ಕ ಹಿಡಿದು, ಎಷ್ಟಕ್ಕೆ ಒಪ್ಪಿದ್ದೇನೆ ಎಂದು ನನಗೆ ಹೇಳಿದ್ದು ಆ ಅಜ್ಜಿ.

ಜೋಡಿ

ಸೋಮವಾರ ಗೋವಿನಕೋವಿಗೆ ನಾನೇ ಹೋಗಿ ಕಂಪ್ಯೂಟರ್ ಜೋಡಿಸಿದೆ. ಮಗಳು ಬಂದಿದ್ದಳು. ದಿಂಬಿಗೆ ಒರಗಿ ಕುಳಿತವಳು ನನ್ನನ್ನು ನೋಡಿ “ಚೆನ್ನಾಗಿದೀರಾ ಅಂಕಲ್?” ಎಂದಳು, ಅಷ್ಟೇ. ಹೊಸ ರೇಸ್ ಗೇಮ್ ಹಾಕಿದೆ. ಕಾರಿನ ಮೇಲೆ ಆಕಾಶವೇ ಕಾಣುವಷ್ಟು ಹೊಳಪು. ಅವಳು ಒಂದು ಸುತ್ತು ಓಡಿಸಿ “ಚೆನ್ನಾಗೈತೆ” ಎಂದು ಕೀಬೋರ್ಡ್ ಬದಿಗಿಟ್ಟಳು. ಮುಖದಲ್ಲಿ ನಗು ಇರಲಿಲ್ಲ.

ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. “ನಂದೆಲ್ಲಿ ರೀ ಕಾರು?”

“ಇದರಲ್ಲಿ ಒಬ್ಬರೇ ಆಡೋದು. ಇಬ್ಬರಿಗಾದರೆ ಇನ್ನೊಂದು ಕಂಪ್ಯೂಟರ್ ಬೇಕು.”

ಅವರ ಮುಖ ಸಪ್ಪಗಾಯಿತು. “ಒಂಟಿ ಎತ್ತು ಯಾರು ಕೊಳ್ತಾರೆ ರೀ? ನಾನು ಕೇಳಿದ್ದು ಜೋಡಿ.”

ನನಗೆ ನಾಚಿಕೆಯಾಯಿತು. ಒಂದೊಂದು ಭಾಗವನ್ನೂ ಅಳೆದು ತೂಗಿ ಆರಿಸಿದವನು, ಆಡುವವರು ಎಷ್ಟು ಜನ ಎಂದು ಕೇಳಿರಲಿಲ್ಲ. ಪೆನ್‌ಡ್ರೈವ್ ತೆಗೆದು, ಪರದೆ ಎರಡು ಭಾಗವಾಗಿ ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವ ಆ ಕಾಲದ ಗೇಮನ್ನೇ ಹಾಕಿದೆ. ಕಾರುಗಳು ಬೆಂಕಿಪೊಟ್ಟಣದ ಹಾಗೆ ಕಂಡವು. ಮಗಳು ದಿಂಬು ಸರಿಸಿ ನೆಟ್ಟಗೆ ಕೂತಳು.

ಮೊದಲ ತಿರುವು ಬಂತು. ದಲ್ಲಾಳಿಗಳು “ಹೋ ಹೋ ಹೋ” ಎನ್ನುತ್ತಾ, ಗಾಡಿ ಎತ್ತಿನ ಹಗ್ಗ ಜಗ್ಗುವವರಂತೆ ಕೀಬೋರ್ಡನ್ನೇ ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡರು. ಜೊತೆಗೆ ಮಗಳ ಕೈಯೂ ಹೋಯಿತು. ಎರಡೂ ಕಾರು ಗೋಡೆಗೆ ಬಡಿದು ಮಗುಚಿದವು. ಅವಳು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಅಡುಗೆಮನೆಯಿಂದ ಅವಳ ಅವ್ವ ಓಡಿ ಬಂದರು. “ಏನ್ರೀ ಇದು, ಏಳು ತಿಂಗಳ ಬಸುರೀನ ಹಿಂಗೆ ನಗಸ್ತಾರಾ?”

ದಲ್ಲಾಳಿಗಳು ಕೀಬೋರ್ಡ್ ಬಿಡಲಿಲ್ಲ. “ನಾನೆಲ್ಲಿ ನಗಸ್ತಿದೀನೇ? ನಾನು ಗಾಡಿ ನಿಲ್ಲಸ್ತಿದೀನಿ.”