ಶಾಂಭವಿ ಹತ್ತಿದರೆ ಎಳೆಯದ ಗಾಡಿ

"ಈ ಗಾಡಿ ರೋಗ ನಾನ ಕಂಡುಹಿಡೀತೀನಿ. ಯಾವ ಮೆಕ್ಯಾನಿಕ್ಕೂ ಬಾನೆಟ್ ಮುಟ್ಟಂಗಿಲ್ಲ!"

ಗಂಗಾವತಿಯ ನಮ್ಮ ಮನೆಯ ಅಂಗಳದಲ್ಲಿ ನಿಂತು ನಾನು ಹೀಗೆ ಘರ್ಜಿಸಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಶಾಂಭವಿ. ಇನ್ನೊಬ್ಬರು ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಹುಲಗಮ್ಮ. ಹುಲಗಮ್ಮ ಕೇಳಿಸಿಕೊಂಡರೆಂದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಇನ್ನು ಹಿಂದೆ ಸರಿಯುವ ಮಾತೇ ಇಲ್ಲ!

ಗಾಡಿ ಅಂದರೆ ಹತ್ತರ ಜೊತೆ ಹನ್ನೊಂದಲ್ಲ ಸ್ವಾಮಿ! ಫಾರಿನ್ ಕಂಪನಿಯ ಎಸ್‌ಯುವಿ. ಹೈದರಾಬಾದಿನ ಡಾಕ್ಟರೊಬ್ಬರು ಹದಿನೈದು ವರ್ಷ ಓಡಿಸಿ ಮಾರಿದ್ದು. ಕೆನೆ ಬಣ್ಣದ ಸೀಟು, ಪಾದ ಹೂತುಹೋಗುವಂಥ ಕಾರ್ಪೆಟ್ಟು, ತಲೆ ಎತ್ತಿದರೆ ಆಕಾಶ ಕಾಣುವ ಗಾಜು! ನನ್ನ ಗೊಬ್ಬರದಂಗಡಿಯಲ್ಲಿ ಯೂರಿಯಾ ಮಾರುತ್ತಲೇ ಅದರ ವಿಡಿಯೋಗಳನ್ನು ಎಷ್ಟು ಸಲ ನೋಡಿದ್ದೇನೆಂದರೆ, ಅದರ ಎಂಜಿನ್ನಿನ ಭಾಗಗಳ ಹೆಸರು ನನಗೆ ನನ್ನ ಸೋದರಮಾವನ ಮಕ್ಕಳ ಹೆಸರಿಗಿಂತ ಚೆನ್ನಾಗಿ ಗೊತ್ತು.

ಇಂಥ ಮಹಾರಾಜನಿಗೊಂದು ವಿಚಿತ್ರ ರೋಗ. ಒಂದು ದಿನ ಕುದುರೆ, ಇನ್ನೊಂದು ದಿನ ಎಮ್ಮೆ! ಮೊನ್ನೆ ಕಾರಟಗಿಯ ಮಾವನವರ ರೈಸ್ ಮಿಲ್ಲಿಗೆ ಶಾಂಭವಿಯನ್ನು ಕೂರಿಸಿಕೊಂಡು ಹೊರಟಿದ್ದೆ. ಎಷ್ಟು ಒತ್ತಿದರೂ ಎಳೆಯದು. ಭತ್ತ ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಹಾಕಲಿ ಬಿಡಿ. ಆದರೆ ಅದರ ಡ್ರೈವರ್ ತಿರುಗಿ ನೋಡಿ, "ಹಗ್ಗ ಕಟ್ಟಿ ಜಗ್ಗಲೇನ್ರಿ ಸಾವ್ಕಾರ್ರ?" ಅಂದುಬಿಟ್ಟ!

ಶಾಂಭವಿ ಅಲ್ಲೇ ತೀರ್ಪು ಕೊಟ್ಟಳು. "ಬರೂದು ಬಿಟ್ಟು ಮುಂದಿನ ಐತವಾರ ಕುಷ್ಟಗಿಯಾಗ ನಮ್ಮ ಬಸುರಿ ತಂಗಿ ಸುರೇಖಾನ ಕುಬಸ ಐತಿ. ಅಪ್ಪಾರು ನಮ್ಮ ಗಾಡ್ಯಾಗ ಬರ್ತಾರ. ಅಷ್ಟರಾಗ ಇದು ಸರಿ ಆಗಲಿಲ್ಲಂದ್ರ, ಸೋಮವಾರ ಮಾರಿಬಿಡೂದ!"

"ಇದು ನನ್ನ ಜೀವ ಶಾಂಭವಿ! ಜೀವ ಮಾರು ಅಂತೀಯೇನ?"

"ಜೀವ ಮಾರಾಕ ಇಟ್ರೂ ಯಾರೂ ಕೊಳ್ಳಂಗಿಲ್ರಿ. ಗಾಡಿ ಆದ್ರ ಯಾರರ ಬರ್ತಾರ."

ನಾನು ಯುದ್ಧಕ್ಕಿಳಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಚುಚ್ಚಿದರೆ ಎಂಜಿನ್ನಿನ ಒಳಗುಟ್ಟೆಲ್ಲ ಮೊಬೈಲಿನಲ್ಲಿ ಕಾಣಿಸುವ ಸ್ಕ್ಯಾನರ್ ತರಿಸಿದೆ. "ಯಾವ ದೋಷವೂ ಇಲ್ಲ" ಎಂದಿತು. ಸ್ಕ್ಯಾನರಿನಲ್ಲೇ ದೋಷವಿರಬೇಕೆಂದು ಇನ್ನೊಂದು ತರಿಸಿದೆ. ಅದೂ ಅದನ್ನೇ ಹೇಳಿತು. ಏರ್ ಫಿಲ್ಟರ್ ಬದಲಿಸಿದೆ, ಡೀಸೆಲ್ ಫಿಲ್ಟರ್ ಬದಲಿಸಿದೆ, ಎರಡು ಸೆನ್ಸರ್ ಕಿತ್ತು ಹೊಸದು ಹಾಕಿದೆ. ದಿನಾ ನಮ್ಮ ಬಾಗಿಲಿಗೆ ಬರುತ್ತಿದ್ದ ಪಾರ್ಸೆಲ್ಲಿನವನು ಕೊನೆಗೆ ಕೇಳಿಯೇಬಿಟ್ಟ: "ಅಣ್ಣಾರ, ಸ್ಪೇರ್‌ಪಾರ್ಟ್ಸ್ ಅಂಗಡಿ ಓಪನಿಂಗ್ ಯಾವಾಗ್ರಿ?"

ಗಾಡಿ ಮಾತ್ರ ಹಾಗೇ! ಆಗ ನಾನು ನಿಜವಾದ ವಿಜ್ಞಾನಿಯ ಹಾದಿ ಹಿಡಿದೆ. ಒಂದು ನೋಟ್‌ಬುಕ್ ಮಾಡಿ ಪ್ರತಿ ಪ್ರಯಾಣವನ್ನೂ ಬರೆದಿಟ್ಟೆ. ಅದನ್ನು ಟಿವಿ ಮೇಲೆ ಇಟ್ಟದ್ದೇ ತಪ್ಪಾಯಿತು. ಗುರುವಾರ ಬೆಳಿಗ್ಗೆ ಶಾಂಭವಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಳು.

"ಒಬ್ಬನೇ ಅಂಗಡಿಗೆ, ಕುದುರೆ. ಒಬ್ಬನೇ ಆನೆಗೊಂದಿಗೆ, ಕುದುರೆ. ಶಾಂಭವಿ ಜೊತೆ ಕಾರಟಗಿ, ಎಮ್ಮೆ. ಶಾಂಭವಿ ಜೊತೆ ಕೊಪ್ಪಳ, ಎಮ್ಮೆ! ಏನ್ರಿ ಇದು?"

"ಎಮ್ಮಿ ಅಂದಿದ್ದು ಗಾಡಿಗೆ, ನಿನಗಲ್ಲ!"

"ನಾ ಹತ್ತಿದ ಕೂಡ್ಲೆ ಗಾಡಿ ಎಮ್ಮಿ ಆಕ್ಕೈತಿ ಅಂದ್ರ, ನಾ ದಪ್ಪ ಅದೀನಿ ಅಂತ ಹೌದಲ್ರಿ?"

"ನಾ ಎಲ್ಲಿ ಅಂದೀನಿ? ವಿಜ್ಞಾನ ಅಂತೈತಿ. ವಿಜ್ಞಾನ ಯಾರ ಮಾರೀನೂ ನೋಡಂಗಿಲ್ಲ ಶಾಂಭವಿ."

ಅಂದು ವಿಜ್ಞಾನಕ್ಕೆ ಮಧ್ಯಾಹ್ನದ ರೊಟ್ಟಿ ಸಿಗಲಿಲ್ಲ.

ಆದರೆ ಸಿದ್ಧಾಂತಕ್ಕೆ ಪುರಾವೆ ಬೇಕಲ್ಲ! ಪರೀಕ್ಷೆಗೆ ಕೂತುಕೋ ಎಂದು ಶಾಂಭವಿಯನ್ನು ಕೇಳುವ ಧೈರ್ಯ ನನಗಿಲ್ಲ. ಶುಕ್ರವಾರ ಅಂಗಡಿಯ ಪಕ್ಕದ ಮಿಲ್ಲಿಗೆ ಹೋಗಿ ಒಂದು ಚೀಲ ಭತ್ತ ತಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಧೂಳಿಗೆಂದು ಕೆಳಗೆಲ್ಲ ಗೋಣಿತಟ್ಟು ಹಾಸಿದೆ. ಕೆನೆ ಬಣ್ಣದ ಸೀಟಿಗೆ ಹೊಟ್ಟು ಉದುರಬಾರದೆಂದು ಚೀಲಕ್ಕೆ ಶಾಂಭವಿಯ ಹಳೆಯ ಹಸಿರು ಸೀರೆ ಸುತ್ತಿದೆ. ಬೆಲ್ಟ್ ಹಾಕದಿದ್ದರೆ ಗಾಡಿ ಕೂಗಿಕೊಳ್ಳುತ್ತದೆ, ಬೆಲ್ಟನ್ನೂ ಹಾಕಿದೆ. ಊರಿನಾಚೆ ಕಾಲುವೆಯ ರಸ್ತೆಯಲ್ಲಿ ಓಡಿಸಿದೆ.

ಎಮ್ಮೆ! ಅಪ್ಪಟ ಎಮ್ಮೆ! ನನ್ನ ಸಿದ್ಧಾಂತ ಗೆದ್ದಿತ್ತು. ಹಳೆಯ ಎಂಜಿನ್ನಿಗೆ ಮುಂದಿನ ಸೀಟಿನ ಭಾರ ತಡೆಯುತ್ತಿಲ್ಲ!

ಕುಣಿಯುತ್ತ ಮನೆಗೆ ಬಂದರೆ ಗೇಟಿನಲ್ಲಿ ಶಾಂಭವಿ ನಿಂತಿದ್ದಳು, ಪಕ್ಕದಲ್ಲಿ ಹುಲಗಮ್ಮ.

"ಹಸರು ಸೀರಿಯಾಕಿ ಯಾರ್ರಿ?"

"ಅಂಗಡಿ ಮುಂದ ಹಾದು ಹೋಗಾಗ ನಾ ಕಣ್ಣಾರೆ ನೋಡೀನವ್ವಾ," ಹುಲಗಮ್ಮ ಸಾಕ್ಷಿ ಹೇಳಿದರು. "ತಲಿತುಂಬ ಸೆರಗು ಹೊದ್ದಿದ್ಲು. ಭಾಳ ಸಂಭಾವಿತಳು ಕಾಣಸ್ತಾಳ. ಒಂದ್ ಮಾತಿಲ್ಲ ಕತಿಯಿಲ್ಲ."

ನಾನು ಬಾಗಿಲು ತೆಗೆದು ಸೆರಗು ಸರಿಸಿದೆ. ಮೂವರೂ ಚೀಲವನ್ನು ನೋಡುತ್ತ ನಿಂತೆವು.

"ಇದೇನ್ರಿ?"

"ಇದು... ನೀನ. ಅಂದ್ರ ಪರೀಕ್ಷಾಕ್ಕ ನಿನ್ನ ಬದ್ಲಿ."

"ಎಷ್ಟು ತೂಕ ಐತ್ರಿ ಇದು?"

"ಎಪ್ಪತ್ತೈದು ಕಿಲೋ."

"ನಾ ಐವತ್ತೆಂಟು ಅದೀನಿ!"

ಚೀಲದ ಜಾಗದಲ್ಲಿ ಯಾರೋ ಹೆಂಗಸೇ ಇದ್ದಿದ್ದರೂ ಕ್ಷಮೆ ಸಿಗುತ್ತಿತ್ತೇನೋ. ಆ ಹದಿನೇಳು ಕಿಲೋಗೆ ಸಿಗಲಿಲ್ಲ.

ಭಾನುವಾರ ಬಂದೇಬಿಟ್ಟಿತು. ಮುಂದಿನ ಸೀಟಿನಲ್ಲಿ ಗರಿಗರಿ ಧೋತರ, ರುಮಾಲಿನ ನಮ್ಮ ಮಾವ ದೊಡ್ಡಬಸಪ್ಪನವರು. ಹಿಂದೆ ಶಾಂಭವಿ, ಕುಬಸದ ಸೀರೆ, ಹಸಿರು ಬಳೆಗಳ ಬುಟ್ಟಿ, ಐದು ಥರದ ಉಂಡಿ. ಗಾಡಿ ಕನಕಗಿರಿ ರಸ್ತೆಗೆ ಬಂತು. ನಾನು ಪೆಡಲನ್ನು ಇನ್ನಿಲ್ಲದಂತೆ ತುಳಿದಿದ್ದೇನೆ, ಮುಳ್ಳು ನಲವತ್ತು ದಾಟುತ್ತಿಲ್ಲ! ಸೈಕಲ್ಲಿನವನೊಬ್ಬ ಬಹಳ ಹೊತ್ತು ನಮ್ಮ ಜೊತೆಗೇ ಬಂದ.

"ಅಳಿಯಂದ್ರ," ಮಾವ ಮೆಲ್ಲಗೆ ಕೇಳಿದರು, "ನಾವು ಕುಷ್ಟಗಿಗೆ ಹೊಂಟೀವೋ, ಮೆರವಣಿಗಿ ಹೊಂಟೀವೋ?"

"ಸೋಮವಾರ!" ಎಂದಳು ಶಾಂಭವಿ. "ಮುಂದ ಶಬ್ಬೀರಸಾಬರ ಗ್ಯಾರೇಜ್ ಐತಿ. ನಿಲ್ಲಸ್ರಿ."

"ಅವರು ಟ್ರ್ಯಾಕ್ಟರ್ ಮೆಕ್ಯಾನಿಕ್! ಫಾರಿನ್ ಗಾಡಿ..."

"ನಿಲ್ಲಸ್ರಿ ಅಂದೆ!"

ನಿಲ್ಲಿಸಿದೆ. ಶಬ್ಬೀರಸಾಬರು ಕೈ ಒರೆಸಿಕೊಳ್ಳುತ್ತ ಬಂದರು. ನಾನು ಎರಡೂ ಸ್ಕ್ಯಾನರ್ ಹಿಡಿದು ಸೆನ್ಸರ್, ಟರ್ಬೋ, ಇಂಜೆಕ್ಟರ್ ಎಂದು ಭಾಷಣ ಶುರು ಮಾಡಿದೆ. ಅವರು ಪೂರ್ತಿ ಕೇಳಿದರು. ಬಾನೆಟ್ ತೆಗೆಯಲೇ ಇಲ್ಲ. ನನ್ನ ಕಡೆಯ ಬಾಗಿಲು ತೆರೆದು, ಬಗ್ಗಿ, ಪೆಡಲನ್ನು ಕೈಯಿಂದ ಒತ್ತಿ ನೋಡಿದರು. ಆಮೇಲೆ ಅದರ ಕೆಳಗಿನಿಂದ ಒಂದು ಗೋಣಿತಟ್ಟು ಎಳೆದರು. ಎರಡನೆಯದು ಎಳೆದರು. ಮೂರನೆಯದನ್ನೂ ಎಳೆದರು!

"ಎಕ್ಸಿಲೇಟರ್ ಕೆಳಗ ಹಾಸಿಗಿ ಹಾಸೀರಲ್ರಿ ಸಾವ್ಕಾರ್ರ! ಪೆಡಲ್ ಅರ್ಧಕ್ಕ ಬಂದು ಮಲಗಿಬಿಡ್ತೈತಿ. ಗಾಡಿ ಎಲ್ಲಿಂದ ಎಳೀಬೇಕ್ರಿ?"

ಈಗ ನಿಮಗೆ ಸುಳ್ಳೇಕೆ ಹೇಳಲಿ? ಮನೆಯವರು ಹತ್ತುವ ದಿನ ಗದ್ದೆಯ ಕೆಸರು, ಮಿಲ್ಲಿನ ತೌಡು, ದಾರಿಯಲ್ಲಿ ತಿನ್ನುವ ಮಿರ್ಚಿ-ಮಂಡಾಳ ಎಲ್ಲ ಕಾರ್ಪೆಟ್ಟಿಗೆ ಬೀಳುತ್ತದೆಂದು ನಾನೇ ಗಾಡಿ ತುಂಬ ಗೋಣಿ ಹಾಸುತ್ತಿದ್ದೆ. ಒಬ್ಬನೇ ಹೋಗುವ ದಿನ, ಫಾರಿನ್ ಗಾಡಿಯಲ್ಲಿ ಗೋಣಿ ಕಂಡರೆ ಜನ ನಗುತ್ತಾರೆಂದು ಎಲ್ಲ ತೆಗೆದಿಡುತ್ತಿದ್ದೆ. ಶಾಂಭವಿ ಬಂದಾಗ ಗೋಣಿ, ಭತ್ತದ ಚೀಲ ಬಂದಾಗಲೂ ಗೋಣಿ! ಇಂದು ಮಾವನವರ ಗೌರವಾರ್ಥ ಮೂರು ಪದರ! ಪೆಡಲ್ ಐವತ್ತೈದು ಪರ್ಸೆಂಟ್ ದಾಟುತ್ತಿಲ್ಲವೆಂದು ಸ್ಕ್ಯಾನರ್ ಕೂಡ ತೋರಿಸಿತ್ತು. ಸೆಕೆಂಡ್ ಕ್ಲಾಸ್ ಬಂದಿದೆಯಲ್ಲ ಎಂದು ನಾನು ಮುಂದಿನ ಪುಟಕ್ಕೆ ಹೋಗಿದ್ದೆ.

"ಎಷ್ಟು ಕೊಡ್ಲಿ ಚಾಚಾ?" ಎಂದೆ, ತಲೆ ಎತ್ತದೆ.

"ಗೋಣಿ ಎಳದಿದ್ದಕ್ಕ ಏನ್ ತಗೊಳ್ಳೂದ್ರಿ! ಹೋಗಿಬರ್ರಿ."

ಮಾವನವರು ರುಮಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡು ರಸ್ತೆಯ ಆಚೆ ಏನನ್ನೋ ನೋಡುತ್ತಿದ್ದರು. ಅವರ ಭುಜ ಕುಲುಕುತ್ತಿತ್ತು. ನಾನು ಶಾಂಭವಿಯ ಕಡೆ ತಿರುಗಿದೆ.

"ನೋಡ ಮತ್ತ, ಗಾಡಿಯಾಗ ಏನೂ ತಪ್ಪಿಲ್ಲ! ಹಂಗಾದ್ರ ಸೋಮವಾರ ಮಾರಂಗಿಲ್ಲ ಹೌದಿಲ್ಲೋ?"

"ಇಲ್ರಿ. ಇಂಥ ಛಲೋ ಗಾಡಿ ಯಾರರ ಮಾರ್ತಾರೇನ್ರಿ?" ಎಂದಳು ಶಾಂಭವಿ. ಆಮೇಲೆ ಅಂಗೈ ಚಾಚಿದಳು. "ಕೀಲಿ ಕೊಡ್ರಿ ಇಲ್ಲಿ."

ಅಪ್ಪನ ಮಿಲ್ಲಿನ ಟ್ರ್ಯಾಕ್ಟರಿನ ಮೇಲೆ ಕಲಿತ ಕೈ ಅದು. ತಾವರಗೇರಾ ಯಾವಾಗ ದಾಟಿತೋ ತಿಳಿಯಲಿಲ್ಲ! ಕುಷ್ಟಗಿಯ ಬೀಗರ ಮನೆ ಮುಂದೆ ಗಾಡಿ ಗಕ್ಕನೆ ನಿಂತಾಗ ಬೀಗರು ಓಡಿಬಂದು ಬಾನೆಟ್ ಸವರಿದರು.

"ಭಾರಿ ಗಾಡಿ ಐತಲ್ರಿ ಶಾಂಭವಕ್ಕ! ಎಳಿಯಂಗಿಲ್ಲ ಅಂತ ಕೇಳಿದ್ವಲ್ಲ?"

"ಗಾಡಿ ಛಲೋನ ಐತ್ರಿ. ಡ್ರೈವರ್‌ನ ಬದಲಿ ಮಾಡಿದ್ವಿ, ಸರಿ ಹೋತು."

"ಹೌದಾ? ಹಳೇ ಡ್ರೈವರ್ ಎಲ್ಲಿ ಹೋದನ್ರಿ?"

ಹಿಂದಿನ ಸೀಟಿನಲ್ಲಿ ಬಳೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಉಂಡಿ ಡಬ್ಬಿಗಳ ನಡುವೆ ಸಿಕ್ಕಿಕೊಂಡಿದ್ದ ನಾನು ಮೆಲ್ಲಗೆ ಕೈ ಎತ್ತಿದೆ.