ಕ್ರಿಯಾಪದವಿಲ್ಲದ ಸಾವು

ಸಾಯುವವರು ಆಡುವ ಕೊನೆಯ ಮಾತಿಗೆ ಕ್ರಿಯಾಪದ ಕಡ್ಡಾಯವೆಂದು ಮಂಡ್ಯದ ನಾಟಕ ಗುಣದೋಷ ಪರಿಶೀಲನಾ ಮಂಡಳಿಯು ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಸರ್ವಾನುಮತದಿಂದ ಗೊತ್ತುಮಾಡಿತು. ಅದಕ್ಕೆ ಕಾರಣ ಹೊಳಲಿನ ಲಿಂಗಯ್ಯ.

ಆಗ ಪೇಟೆಯಲ್ಲಿ ‘ಬಾಯಿಬಿಡದ ಬಸವಾಂಬೆ’ ನಾಟಕ ನಡೆಯುತ್ತಿತ್ತು. ಮಗ ಸತ್ತ ದುಃಖಕ್ಕೆ ಬಸವಾಂಬೆ ಹಾಸಿಗೆ ಹಿಡಿಯುತ್ತಾಳೆ. ಮನೆತನದ ಗುಟ್ಟೆಲ್ಲ ಒಂದು ಪೆಟ್ಟಿಗೆಯಲ್ಲಿದೆ. ಗಂಡನ ಕೈ ಹಿಡಿದು “ಆ ಪೆಟ್ಟಿಗೆಯನ್ನು…” ಅನ್ನುತ್ತಾಳೆ. ಸಾಯುತ್ತಾಳೆ. ಬಸವಾಂಬೆಯ ಪಾರ್ಟು ಬಾಬು ಜಾನನದು. ಹಗಲು ಅವನಿಗೆ ಸೈಕಲ್ ರಿಪೇರಿ.

ಲಿಂಗಯ್ಯನ ಹೆಂಡತಿ ಚಿಕ್ಕನಂಜಮ್ಮ ಹೋದ ಸುಗ್ಗಿಯಲ್ಲಿ ತೀರಿಕೊಂಡಿದ್ದಳು. “ನನ್ ಸೀರೇನ…” ಅಂದಳು. ಅಷ್ಟೇ. ಕೊಡು ಅಂತಲೋ, ಸುಡು ಅಂತಲೋ, ಮಡಗು ಅಂತಲೋ ಗೊತ್ತಾಗಲಿಲ್ಲ. ಹಸಿರು ಸೀರೆ ಬಟ್ಟೆ ಹಾಕುವ ಗಳದ ಮೇಲೆ ಹಾಗೇ ಇತ್ತು. ಲಿಂಗಯ್ಯ ಮುಟ್ಟಿರಲಿಲ್ಲ.

ಅವನು ನಾಟಕಕ್ಕೆ ಬಂದ. ಬಸವಾಂಬೆ ಸತ್ತಳು. ಲಿಂಗಯ್ಯ ಎದ್ದು ನಿಂತು “ಒನ್ಸ್ ಮೋರ್!” ಅಂದ.

ಒನ್ಸ್ ಮೋರ್ ಅಂದರೆ ಸತ್ತವರೂ ಏಳಬೇಕು. ಅದು ಕಂಪನಿ ನಾಟಕದ ಪದ್ಧತಿ. ಬಾಬು ಜಾನ್ ಎದ್ದ. ಮತ್ತೆ ಸತ್ತ. ಪೆಟ್ಟಿಗೆಯನ್ನು ಏನು ಮಾಡಬೇಕೆಂದು ಹೇಳಲಿಲ್ಲ. ಲಿಂಗಯ್ಯ ಮತ್ತೆ ಕೂಗಿದ. ಜನಕ್ಕೂ ಹುರುಪು ಬಂತು. ಯುದ್ಧದ ಕಾಲ, ಸೀಮೆಎಣ್ಣೆ ರೇಷನ್ನು. ಗ್ಯಾಸ್‌ಲೈಟು ಆರಿದ ಮೇಲೂ ಬಸವಾಂಬೆ ಕತ್ತಲಲ್ಲಿ ಸಾಯುತ್ತಲೇ ಇದ್ದಳು.

ದಿನಾ ಇದೇ ಆಯಿತು. ಮಂಡಳಿ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ಶೇಕದಾರ್ ಮರಿಸಿದ್ದಯ್ಯನವರು. ಸಾವು ಮನೋಜ್ಞವಾಗಿದೆ, ಆದರೆ ವಾಕ್ಯ ಅಪೂರ್ಣ, ಆದಕಾರಣ ಸಾವೂ ಅಪೂರ್ಣ ಎಂದು ಅವರ ವಿಮರ್ಶೆ. ಸದಸ್ಯರಲ್ಲಿ ಪಂಡಿತರು ‘ತೆರೆಯಿರಿ’ ಸೇರಿಸಬೇಕೆಂದರು. ಜವಳಿ ಅಂಗಡಿಯವರು ‘ಮಾರಿರಿ’ ಅಂದರು. ಮತ ಸಮವಾಯಿತು. ಲಿಂಗಯ್ಯನನ್ನು ಕರೆಸಿದರು.

“ರಸಿಕರೇ, ತಮಗೆ ಯಾವ ಕ್ರಿಯಾಪದ ಬೇಕು?”

“ನಂಗ್ ಬೇಕಾದ್ದಲ್ಲ ಸ್ವಾಮಿ. ಅವ್ಳೇ ಏಳ್ಬೇಕು.”

“ದಿನಾ ಏಳುತ್ತಿದ್ದಾಳಲ್ಲ!”

“ಎದ್ದೋಳು ಏಳ್ತಿಲ್ವಲ್ಲ.”

ಎದ್ದವಳು ಏಳುತ್ತಿಲ್ಲ ಎಂಬುದು ಈವರೆಗೆ ಬಂದ ವಿಮರ್ಶೆಗಳಲ್ಲೆಲ್ಲ ಗಹನವಾದದ್ದೆಂದು ದಾಖಲಾಯಿತು. ನಿಯಮ ಹೊರಟಿತು: “ಸಾಯುವ ಪಾತ್ರವು ಮೊದಲು ಕ್ರಿಯಾಪದವನ್ನು ಹೇಳತಕ್ಕದ್ದು. ಉಸಿರು ಉಳಿದಲ್ಲಿ ಮಿಕ್ಕ ಪದಗಳು. ತದನಂತರವೇ ಪ್ರಾಣ ಬಿಡಲು ಅನುಮತಿ.” ಯಾವ ಕ್ರಿಯಾಪದವೆಂಬುದು ನಟನ ವಿವೇಚನೆಗೆ.

ಬಾಬು ಜಾನ್ ಟೆಂಟಿನ ಬಾಗಿಲಲ್ಲಿ ಲಿಂಗಯ್ಯನನ್ನು ಹಿಡಿದ.

“ನನ್ ಮ್ಯಾಲೇನ್ ಸಿಟ್ಟು ಲಿಂಗಣ್ಣ? ಸತ್ತು ಸತ್ತು ಸೊಂಟ ಬಿದ್ದೋಯ್ತು.”

ಲಿಂಗಯ್ಯ ಸೀರೆಯ ಸಮಾಚಾರ ಹೇಳಿದ.

“ಚಳೀಲಿ ಏನ್ ಹೊದ್ಕೋತೀಯ?”

“ಗೋಣಿಚೀಲ.”

ಬಾಬು ಜಾನ್ ಪೌಡರ್ ಬಳಿದುಕೊಳ್ಳಲು ಒಳಗೆ ಹೋದ.

ಅವತ್ತು ಬಸವಾಂಬೆ ಗಂಡನ ಕೈ ಬಿಟ್ಟಳು. ಜನರ ಕಡೆ ತಿರುಗಿದಳು. “ಹೊದ್ಕೊ… ನನ್ ಸೀರೇನ” ಅಂದಳು. ಸತ್ತಳು.

ಪೆಟ್ಟಿಗೆಯ ಮಾತೇ ಇಲ್ಲ. ಲಿಂಗಯ್ಯ ಬಾಯಿ ತೆಗೆದ. ಕೂಗಲಿಲ್ಲ. ಮುಚ್ಚಿದ.

ಮಂಡಳಿಗೆ ರೋಮಾಂಚನವಾಯಿತು. ಪೆಟ್ಟಿಗೆಯಲ್ಲಿದ್ದ ಗುಟ್ಟೇ ಸೀರೆ ಎಂದು ಪಂಡಿತರು ಕಣ್ಣೊರೆಸಿಕೊಂಡರು. ಬಸವಾಂಬೆಯ ಅಪ್ಪಣೆ ಪ್ರೇಕ್ಷಕರೆಲ್ಲರಿಗೂ ಅನ್ವಯಿಸತಕ್ಕದ್ದೆಂದು ಮರಿಸಿದ್ದಯ್ಯನವರು ತೀರ್ಮಾನಿಸಿದರು. “ಹೆಂಡತಿಯ ಸೀರೆ ಹೊದೆಯದ ಗಂಡಸರಿಗೆ ಪ್ರವೇಶವಿಲ್ಲ. ಬ್ರಹ್ಮಚಾರಿಗಳು ತಾಯಿಯದನ್ನು ತರತಕ್ಕದ್ದು.”

ಯಾರೂ ತಕರಾರು ಮಾಡಲಿಲ್ಲ. ಕಚೇರಿಯವರು ಜರಿ ಸೀರೆಯಲ್ಲಿ ಬಂದು ಮುಂದೆ ಕೂತರು. “ಲೇ, ಸೆರಗ್ ಇಳಿಸ್ಲಾ, ಇಂದ್ಗಡೆಯೋರ್ಗೆ ಕಾಣಾಕಿಲ್ಲ” ಎಂದು ನೆಲದ ಟಿಕೀಟಿನವರು ಕೂಗಿದರು. ಲಿಂಗಯ್ಯ ಹಸಿರು ಸೀರೆಯನ್ನು ಗಳದಿಂದ ಇಳಿಸಿ ಹೊದ್ದು ಬಂದಿದ್ದ. ಬಾಗಿಲಿನವನು ಸಲಾಮು ಹೊಡೆದು ಒಳಗೆ ಬಿಟ್ಟ.

ಆಟ ಬಿಟ್ಟಾಗ ಹೊರಗೆ ಹೆಂಗಸರು ಕಾದಿದ್ದರು. “ತತ್ತಾ ಇತ್ತಾಗೆ, ನಾಳೀಕ್ ಉಡಾಕಿಲ್ಲ” ಎಂದು ತಮ್ಮ ತಮ್ಮ ಸೀರೆ ಕಿತ್ತುಕೊಂಡರು. ಅಧ್ಯಕ್ಷರದ್ದೂ ಹೋಯಿತು.

ಲಿಂಗಯ್ಯನನ್ನು ಯಾರೂ ಕೇಳಲಿಲ್ಲ. ಹೊದ್ದುಕೊಂಡೇ ಊರಿಗೆ ನಡೆದ.